ನೆಂಟರು ಬಂದಾಗ ಒಂದು ಸಿಹಿ, ಒಂದು ಖಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಲ್ಲಿ ಮನೆ ಇದೆ ಅಂದರೆ ಶನಿವಾರ ಭಾನುವಾರ ನೆಂಟರು ಇದ್ದೇ ಇರುತ್ತಾರೆ. ಮುಳ್ಳಯ್ಯನಗಿರಿಗೆ ಹೋಗುವವರು, ಹೊರನಾಡು ಶೃಂಗೇರಿ ಮುಗಿಸಿಕೊಂಡು ವಾಪಸ್ ಬರುವವರು, ಬೇಲೂರು ಹಳೇಬೀಡು ನೋಡಿ "ಹಾಗೇ ನಿಮ್ಮನೆಗೂ ಬಂದು ಹೋಗೋಣ ಅಂತ" ಅನ್ನುವವರು. ಹಾಸನದಲ್ಲಿರುವ ನಮ್ಮವರದ್ದೂ ಇದೇ ಕಥೆ. ಅಲ್ಲಿ ಹಾಸನಾಂಬೆ ಬಾಗಿಲು ತೆಗೆದ ಮೇಲಂತೂ ಕೇಳೋದೇ ಬೇಡ. ಏನು ಮಾಡಲಿ, ಎಷ್ಟು ಮಾಡಲಿ, ಯಾಕೆ ಹೀಗಾಯ್ತು ಅಂತ ಗೊತ್ತಿರುವವರೆಲ್ಲ ತಿರುಗಿಸಿ ಮುರುಗಿಸಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ಲೆಕ್ಕ ಒಂದೇ. ನೆಂಟರು ಬಂದ ಮೇಲೆ ಅಡುಗೆ ಮಾಡಿದವರು ಒಲೆ ಮುಂದೆ ನಿಂತಿರಬಾರದು, ಅವರ ಜೊತೆ ಕೂತು ಮಾತಾಡ್ತಾ ಇರಬೇಕು. ಅದಕ್ಕೆ ಹೊಂದದ ತಿಂಡಿ ಎಷ್ಟೇ ರುಚಿ ಇದ್ದರೂ ನಾನು ಹೇಳಲ್ಲ. ಅಳತೆಗೆ ಲೋಟ ಅಂತ ಬರೆದಿದ್ದೇನೆ. ಯಾವ ಲೋಟ ಆದರೂ ಸರಿ, ಒಂದು ತಿಂಡಿ ಮುಗಿಯುವವರೆಗೆ ಅದೇ ಲೋಟ ಇರಲಿ, ಅಷ್ಟೇ.

ಎಷ್ಟು ಬಗೆ ಮಾಡಬೇಕು? ಎರಡೇ ಮಾಡಿದರೆ ಏನಂದುಕೊಳ್ತಾರೋ ಅನ್ನಿಸುತ್ತೆ.

ಏನೂ ಅಂದುಕೊಳ್ಳಲ್ಲ. ಒಂದು ಸಿಹಿ, ಒಂದು ಖಾರ, ಬಿಸಿ ಕಾಫಿ. ಊಟಕ್ಕೇ ನಿಲ್ಲುವವರಾದರೆ ಇದರ ಜೊತೆ ಒಂದು ಕೋಸಂಬರಿ, ಅನ್ನ, ಸಾರು, ಮಜ್ಜಿಗೆ. ಐದಾರು ಬಗೆ ಮಾಡಿ ಎಲ್ಲವನ್ನೂ ಅರೆಬರೆ ಬಿಸಿ ಇರುವಾಗ ಬಡಿಸುವುದಕ್ಕಿಂತ ಎರಡನ್ನೇ ಚೆನ್ನಾಗಿ ಮಾಡಿ ಎರಡನೇ ಸಲವೂ ಬಡಿಸುವಷ್ಟು ಇಟ್ಟುಕೊಳ್ಳಿ. ಜನ ನೆನಪಿಟ್ಟುಕೊಳ್ಳೋದು ಎರಡನೇ ಸಲ ಹಾಕಿಸಿಕೊಂಡಿದ್ದನ್ನೇ.

"ಇನ್ನು ಹದಿನೈದು ನಿಮಿಷದಲ್ಲಿ ಬರ್ತೀವಿ" ಅಂತ ಫೋನ್ ಬಂದರೆ?

ಅವಲಕ್ಕಿ. ಬೇರೆ ಯೋಚನೆಯೇ ಬೇಡ. ಗಟ್ಟಿ ಅವಲಕ್ಕಿ ಇದ್ದರೆ ತೊಳೆದು ಐದು ನಿಮಿಷ ನೆನೆಯಲು ಬಿಡಿ, ತೆಳು ಅವಲಕ್ಕಿ ಆದರೆ ನೀರು ಚಿಮುಕಿಸಿದರೆ ಸಾಕು, ನೆನೆಸಿದರೆ ಮುದ್ದೆ ಆಗುತ್ತೆ. ಒಗ್ಗರಣೆಗೆ ಕಡ್ಲೆಕಾಯಿ ಬೀಜ, ಸಾಸಿವೆ, ಕಡ್ಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ, ಅರಿಶಿನ. ಕಡ್ಲೆಕಾಯಿ ಬೀಜ ಮೊದಲು ಹಾಕಿ ಪೂರ್ತಿ ಹುರಿದುಕೊಳ್ಳಿ, ಉಳಿದದ್ದರ ಜೊತೆ ಹಾಕಿದರೆ ಅದು ಹಸಿ ಉಳಿದು ಸಾಸಿವೆ ಸೀದುಹೋಗುತ್ತೆ. ಉರಿ ಆರಿಸಿದ ಮೇಲೆ ನಿಂಬೆರಸ, ಕಾಯಿತುರಿ, ಕೊತ್ತಂಬರಿ.

ಇನ್ನೊಂದು ದಾರಿ ಮಂಡಕ್ಕಿ. ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಸ್ವಲ್ಪ ಖಾರದ ಪುಡಿ, ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ, ಮೇಲೆ ಹುರಿದ ಕಡ್ಲೆಕಾಯಿ ಬೀಜ. ಮಳೆಗಾಲದಲ್ಲಿ ಮಂಡಕ್ಕಿ ಮೆತ್ತಗಾಗಿರುತ್ತೆ, ಹಾಗಾಗಿ ಎಣ್ಣೆ ಇಲ್ಲದೆ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿದರೆ ಗರಿಗರಿ ವಾಪಸ್ ಬರುತ್ತೆ. ನೆಂಟರು ಕೂತ ಮೇಲೇ ಕಲೆಸಿ. ಮೊದಲೇ ಕಲೆಸಿಟ್ಟರೆ ಟೊಮೆಟೊ ನೀರು ಬಿಟ್ಟು ಎಲ್ಲಾ ಹಾಳು.

ಸಿಹಿಗೂ ಅಷ್ಟೇ ಬೇಗ ಆಗುವಂಥದ್ದು ಏನಿದೆ?

ಬಾಳೆಹಣ್ಣಿನ ರಸಾಯನ. ಒಲೆಯೇ ಹಚ್ಚಬೇಕಾಗಿಲ್ಲ. ಆರು ಏಲಕ್ಕಿ ಬಾಳೆಹಣ್ಣು, ಅರ್ಧ ಹೋಳು ಕಾಯಿ, ಸುಮಾರು ಅರ್ಧ ಲೋಟ ಬೆಲ್ಲದ ಪುಡಿ, ಏಲಕ್ಕಿ. ಕಾಯಿಯನ್ನು ಬೆಚ್ಚಗಿನ ನೀರು ಹಾಕಿ ರುಬ್ಬಿ ಹಾಲು ಹಿಂಡಿ, ಬೆಲ್ಲ ಕರಗಿಸಿ, ಕೊನೆಗೆ ಬಾಳೆಹಣ್ಣು ಹೆಚ್ಚಿ ಹಾಕಿ. ಹಣ್ಣು ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತೆ. ಹುರಿದ ಎಳ್ಳು ಒಂದು ಚಮಚ ಉದುರಿಸಿದರೆ ಒಳ್ಳೆ ಘಮ. ಇದನ್ನು ಒಂದೆರಡು ಗಂಟೆಯೊಳಗೆ ಖಾಲಿ ಮಾಡಬೇಕು. ಮಾವಿನ ಕಾಲದಲ್ಲಿ ಇದೇ ಲೆಕ್ಕದಲ್ಲಿ ಸೀಕರಣೆ.

ಚಳಿ ದಿನ ತಣ್ಣಗಿನ ರಸಾಯನ ಬೇಡ ಅನ್ನಿಸಿದರೆ ಹುರಿಗಡಲೆ ಉಂಡೆ ಮಾಡಿ. ಎರಡು ಲೋಟ ಹುರಿಗಡಲೆ ಪುಡಿ, ಒಂದು ಲೋಟ ಸಕ್ಕರೆ ಪುಡಿ, ಏಲಕ್ಕಿ, ಅರ್ಧ ಲೋಟ ಬಿಸಿ ತುಪ್ಪ. ಕಲೆಸಿ ಕಟ್ಟಿ, ಮುಗಿಯಿತು. ಕಟ್ಟಲು ಬರದೆ ಉದುರಿದರೆ ಇನ್ನೊಂದು ಚಮಚ ತುಪ್ಪ, ಬೇರೆ ಉಪಾಯ ಇಲ್ಲ.

ಕೇಸರಿಬಾತ್ ಗಂಟಾಗುತ್ತೆ, ಇಲ್ಲಾಂದ್ರೆ ಆರಿದ ಮೇಲೆ ಇಟ್ಟಿಗೆ ಥರ ಗಟ್ಟಿ. ಯಾಕೆ?

ಎರಡಕ್ಕೂ ಬೇರೆ ಬೇರೆ ಕಾರಣ.

ಗಂಟಾಗುವುದು ನೀರು ಸರಿಯಾಗಿ ಕುದಿಯದಿದ್ದಾಗ, ಇಲ್ಲ ರವೆಯನ್ನು ಒಂದೇ ಸಲ ಸುರಿದಾಗ. ರವೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ, ಬಣ್ಣ ಬದಲಾಗಬಾರದು. ಪಕ್ಕದ ಒಲೆಯಲ್ಲಿ ನೀರು ಮರಳುತ್ತಿರಲಿ. ಉರಿ ಪೂರ್ತಿ ತಗ್ಗಿಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಕೈಯಾಡಿಸಿ. ಆಮೇಲೆ ಮುಚ್ಚಿ ಮೂರು ನಾಲ್ಕು ನಿಮಿಷ ಬೇಯಲು ಬಿಡಿ. ರವೆ ಬೆಂದ ಮೇಲೇ ಸಕ್ಕರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸಕ್ಕರೆ ಮೊದಲೇ ಬಿದ್ದರೆ ಅದೇ ನೀರನ್ನು ಹಿಡಿದುಕೊಂಡುಬಿಡುತ್ತೆ, ರವೆ ಅರೆ ಬೆಂದೇ ಉಳಿಯುತ್ತೆ, ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಹಲ್ಲಿಗೆ ಸಿಗುತ್ತೆ.

ಗಟ್ಟಿಯಾಗುವುದು ನೀರು ಕಡಿಮೆ ಆದಾಗ. ಒಂದು ಲೋಟ ರವೆಗೆ ಎರಡೂವರೆಯಿಂದ ಮೂರು ಲೋಟ ನೀರು, ಒಂದೂವರೆ ಲೋಟ ಸಕ್ಕರೆ, ಮುಕ್ಕಾಲು ಲೋಟ ತುಪ್ಪ. ಒಲೆಯಿಂದ ಇಳಿಸುವಾಗ ಸ್ವಲ್ಪ ಸಡಿಲ ಅನ್ನಿಸಬೇಕು, ಆರಿದ ಮೇಲೆ ತಾನೇ ಹದಕ್ಕೆ ಬರುತ್ತೆ. ಈಗಾಗಲೇ ಗಟ್ಟಿಯಾಗಿದ್ದರೆ ಬಿಸಿ ಹಾಲು ಚಿಮುಕಿಸಿ, ಒಂದು ಚಮಚ ತುಪ್ಪ ಹಾಕಿ, ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ. ನೇರ ಒಲೆ ಮೇಲಿಟ್ಟರೆ ತಳ ಹಿಡಿಯುತ್ತೆ.

ಇಲ್ಲಿ ಒಂದು ಉಪಾಯ ಇದೆ. ಹುರಿಯುವಾಗಲೇ ಎರಡಕ್ಕೂ ಆಗುವಷ್ಟು ರವೆ ಹುರಿದುಬಿಡಿ. ಒಂದು ಪಾಲು ಕೇಸರಿಬಾತ್, ಎರಡು ಪಾಲು ಖಾರಾಬಾತ್. ಖಾರಾಬಾತಿಗೆ ಬೀನ್ಸ್, ಕ್ಯಾರೆಟ್, ಬಟಾಣಿ, ಟೊಮೆಟೊ, ಎರಡು ಚಮಚ ವಾಂಗಿಬಾತ್ ಪುಡಿ, ಕೊನೆಗೆ ಕಾಯಿತುರಿ ಮತ್ತು ತುಪ್ಪ. ಒಂದೇ ಕೆಲಸದಲ್ಲಿ ಸಿಹಿಯೂ ಆಯ್ತು ಖಾರವೂ ಆಯ್ತು. ತಟ್ಟೆಯಲ್ಲಿ ಪಕ್ಕ ಪಕ್ಕ ಬಡಿಸಿದರೆ ಹೋಟೆಲಿನ ಚೌಚೌ ಬಾತ್, ಬೇಡ ಅನ್ನುವವರು ಯಾರಿದ್ದಾರೆ?

ಬೆಲ್ಲದ ಪಾಯಸ ಒಡೆಯುತ್ತೆ. ಹಾಲು ಹಾಕಿದ ತಕ್ಷಣ ಮೊಸರಿನ ಥರ ಆಯ್ತು.

ಬೆಲ್ಲದಲ್ಲಿ ಸ್ವಲ್ಪ ಹುಳಿಯ ಗುಣ ಇರುತ್ತೆ. ಬಿಸಿ ಬೆಲ್ಲದ ನೀರಿಗೆ ಬಿಸಿ ಹಾಲು ಬಿದ್ದರೆ ಒಡೆಯುತ್ತೆ. ಹಸುವಿನ ಹಾಲೇ ಹಾಕಬೇಕು ಅಂದರೆ ಪಾಯಸ ಇಳಿಸಿ, ಬೆಚ್ಚಗಾಗುವವರೆಗೆ ಆರಲು ಬಿಟ್ಟು, ಕಾಯಿಸಿ ಆರಿಸಿದ ಹಾಲು ಹಾಕಿ. ಆಮೇಲೆ ಕುದಿಸಬೇಡಿ.

ಆದರೆ ಬೆಲ್ಲಕ್ಕೆ ಜೊತೆ ಕಾಯಿಹಾಲೇ. ಅರಸೀಕೆರೆ, ಕಡೂರು ಕಡೆ ತೆಂಗಿಗೆ ಬರ ಇಲ್ಲ, ಕಾಯಿಹಾಲಿನ ಡಬ್ಬಿ ಅಂಗಡಿಯಿಂದ ತರುವ ಅಗತ್ಯ ಏನಿದೆ? ಅರ್ಧ ಲೋಟ ಹೆಸರುಬೇಳೆಯನ್ನು ಬಿಸಿ ಬಾಣಲೆಯಲ್ಲಿ ಘಮ ಬರುವಷ್ಟು ಹುರಿಯಿರಿ. ಒಂದು ಕಾಯಿ ತುರಿದು ರುಬ್ಬಿ ಮೊದಲ ಹಾಲು ಬೇರೆ ತೆಗೆದಿಡಿ, ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲೇ ಬೇಳೆ ಬೇಯಿಸಿ. ಮುಕ್ಕಾಲು ಲೋಟ ಬೆಲ್ಲ ಬೇರೆ ಪಾತ್ರೆಯಲ್ಲಿ ಕರಗಿಸಿ ಸೋಸಿ ಹಾಕಿ, ಯಾಕೆಂದರೆ ಬೆಲ್ಲದಲ್ಲಿ ಮಣ್ಣು ಕಡ್ಡಿ ಇದ್ದೇ ಇರುತ್ತೆ. ಒಂದು ಕುದಿ ಬಂದ ಮೇಲೆ ಉರಿ ಆರಿಸಿ, ಮೊದಲ ಹಾಲು ಸೇರಿಸಿ. ಕಾಯಿಹಾಲು ಕುದಿದರೆ ಎಣ್ಣೆ ಬೇರೆ ನೀರು ಬೇರೆ ಆಗಿ ರುಚಿ ಕೆಡುತ್ತೆ. ತುಪ್ಪದಲ್ಲಿ ಗೋಡಂಬಿ, ಏಲಕ್ಕಿ, ಚಿಟಿಕೆ ಉಪ್ಪು. ಇದು ಐದಾರು ಜನಕ್ಕೆ ಸಾಕು.

ಪಾಯಸ ಇಟ್ಟಷ್ಟೂ ಗಟ್ಟಿಯಾಗುತ್ತೆ. ಬಡಿಸುವ ಮುಂಚೆ ಸ್ವಲ್ಪ ಬಿಸಿನೀರು ಹಾಕಿ ಸಡಿಲ ಮಾಡಿಕೊಳ್ಳಿ. ಹಿಂಡಿ ಉಳಿದ ಕಾಯಿತುರಿ ಬಿಸಾಡಬೇಡಿ, ಬೀನ್ಸ್ ಪಲ್ಯಕ್ಕೆ ಹಾಕಿ.

ಹಿಂದಿನ ದಿನವೇ ಮಾಡಿಡುವ ಸಿಹಿ?

ರವೆ ಉಂಡೆ, ಕೊಬ್ಬರಿ ಮಿಠಾಯಿ. ಪಾಕದ ಹೆದರಿಕೆ ಇರುವವರು ರವೆ ಉಂಡೆಗೆ ಪಾಕವನ್ನೇ ಬಿಟ್ಟುಬಿಡಿ. ಎರಡು ಲೋಟ ಚಿರೋಟಿ ರವೆ ತುಪ್ಪದಲ್ಲಿ ಹುರಿದು, ಬಿಸಿ ಇರುವಾಗಲೇ ಒಂದೂಕಾಲು ಲೋಟ ಸಕ್ಕರೆ ಪುಡಿ, ಅರ್ಧ ಲೋಟ ಒಣ ಕೊಬ್ಬರಿ ತುರಿ, ಏಲಕ್ಕಿ, ದ್ರಾಕ್ಷಿ ಗೋಡಂಬಿ ಸೇರಿಸಿ. ಬಿಸಿ ಹಾಲು ಚಮಚ ಚಮಚವಾಗಿ ಚಿಮುಕಿಸಿ ಕಟ್ಟಿ. ಹಾಲು ಹಾಕಿದ್ದು ಮೂರು ದಿನದಲ್ಲಿ ಮುಗಿಸಬೇಕು.

ಕೊಬ್ಬರಿ ಮಿಠಾಯಿಗೆ ಎರಡು ಲೋಟ ಹಸಿ ಕಾಯಿತುರಿ, ಒಂದೂವರೆ ಲೋಟ ಸಕ್ಕರೆ. ಕಾಯಿಯ ಬಿಳಿ ಭಾಗ ಮಾತ್ರ ತುರಿಯಿರಿ, ಕಂದು ಸಿಪ್ಪೆ ಬಂದರೆ ಬಣ್ಣ ಮಾಸಲು. ಬಾಣಲೆಯ ಅಂಚು ಬಿಟ್ಟು ಉಂಡೆಯಾಗಿ ಬರುವವರೆಗೆ ಕೈಯಾಡಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬೆಚ್ಚಗಿರುವಾಗಲೇ ಗೆರೆ ಹಾಕಿ. ಪೂರ್ತಿ ಆರಿದ ಮೇಲೆ ಕತ್ತರಿಸಲು ಹೋದರೆ ಪುಡಿಯಾಗುತ್ತೆ.

ಮೈಸೂರು ಪಾಕ್, ಜಿಲೇಬಿ ಅಂಗಡಿಯಿಂದ ತನ್ನಿ. ನೆಂಟರು ಬರುವ ದಿನ ಇವನ್ನು ಕಲಿಯಲು ಹೋಗೋದು ಬೇಡ.

ಬೆಂಗಳೂರಿಂದ ಬರುವವರು "ಮಲೆನಾಡಿನದ್ದೇ ಏನಾದ್ರೂ ಮಾಡಿ" ಅಂತಾರೆ. ಸುಲಭದ್ದು ಯಾವುದು?

ನನ್ನ ಕೇಳಿದರೆ ಒತ್ತುಶ್ಯಾವಿಗೆ. ಇದರಲ್ಲೂ ಒಂದೇ ಕೆಲಸಕ್ಕೆ ಎರಡು ತಿಂಡಿ: ಅರ್ಧ ಕಾಯಿಹಾಲಿನ ಜೊತೆ ಸಿಹಿಗೆ, ಅರ್ಧ ನಿಂಬೆಹಣ್ಣಿನ ಒಗ್ಗರಣೆ ಹಾಕಿ ಖಾರಕ್ಕೆ.

ಹಿಂದಿನವರು ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಮಗುಚಿ ಮಾಡುತ್ತಿದ್ದರು, ಅದರ ಮೃದು ಬೇರೆಯೇ. ಅಷ್ಟು ಪುರುಸೊತ್ತಿಲ್ಲದವರು ಅಕ್ಕಿಹಿಟ್ಟಿನಲ್ಲೇ ಮಾಡಬಹುದು. ಎರಡೂಕಾಲು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ, ಎರಡು ಲೋಟ ಅಕ್ಕಿಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗ ಚೆನ್ನಾಗಿ ನಾದಿ, ಶ್ಯಾವಿಗೆ ಒರಳಿನ ಅಳತೆಗೆ ಉದ್ದುದ್ದ ಉಂಡೆ ಮಾಡಿ, ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಹಬೆಯಿಂದ ಒಂದೊಂದೇ ತೆಗೆದು ಬಿಸಿ ಬಿಸಿಯಾಗಿ ಒತ್ತಿ. ಎಲ್ಲ ಉಂಡೆ ಒಟ್ಟಿಗೆ ಹೊರಗೆ ತೆಗೆದರೆ ಕೊನೆಯದು ಒತ್ತುವಾಗ ಮನೆಯಲ್ಲಿ ಬಲ ಇರುವವರನ್ನೆಲ್ಲ ಕರೆಯಬೇಕಾಗುತ್ತೆ. ಕಾಯಿಹಾಲಿಗೆ ಒಂದು ಕಾಯಿ, ಒಂದು ಚಮಚ ಗಸಗಸೆ, ಒಂದು ಚಮಚ ನೆನೆಸಿದ ಅಕ್ಕಿ ನುಣ್ಣಗೆ ರುಬ್ಬಿ ಸೋಸಿ, ಒಂದು ಲೋಟ ಬೆಲ್ಲ, ಏಲಕ್ಕಿ. ಬೆಚ್ಚಗೆ ಮಾಡಿ ಸಾಕು. ಶ್ಯಾವಿಗೆ ಒತ್ತಿ ಮುಚ್ಚಿಟ್ಟರೆ ಮೂರು ನಾಲ್ಕು ಗಂಟೆ ಮೆತ್ತಗೇ ಇರುತ್ತೆ, ಒಗ್ಗರಣೆ ಮಾತ್ರ ನೆಂಟರು ಬಂದ ಮೇಲೆ.

ಮಳೆಗಾಲದಲ್ಲಿ ಬರುವವರಿಗೆ ಪತ್ರೊಡೆ. ಇದು ಹಿಂದಿನ ದಿನ ಮಾಡಿದರೇ ರುಚಿ ಜಾಸ್ತಿ. ಎರಡು ಲೋಟ ಅಕ್ಕಿ ಮೂರು ನಾಲ್ಕು ಗಂಟೆ ನೆನೆಸಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಕಾಯಿ, ಸ್ವಲ್ಪ ಬೆಲ್ಲ, ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ಸಣ್ಣ ತರಿ ಇರುವಂತೆ ಗಟ್ಟಿಯಾಗಿ ರುಬ್ಬಿ. ಕೆಸುವಿನ ಎಲೆಯ ಹಿಂಭಾಗದ ದಪ್ಪ ನಾರು ಕೆತ್ತಿ ತೆಗೆದು, ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು ಸುತ್ತಿ, 40 ನಿಮಿಷ ಹಬೆಯಲ್ಲಿ ಬೇಯಿಸಿ. ಹುಣಸೆಹಣ್ಣಿನಲ್ಲಿ ಜಿಪುಣತನ ಬೇಡ. ಕೆಸುವಿನಲ್ಲಿರುವ ಸೂಜಿಯಂಥ ಹರಳುಗಳೇ ಗಂಟಲು ತುರಿಸೋದು, ಹುಳಿ ಬಿದ್ದು ಚೆನ್ನಾಗಿ ಬೆಂದರೆ ಆ ತುರಿಕೆ ಇರಲ್ಲ. ಮರುದಿನ ಬಿಲ್ಲೆ ಬಿಲ್ಲೆ ಕೊಯ್ದು ಸಾಸಿವೆ ಒಗ್ಗರಣೆಯಲ್ಲಿ ಎರಡೂ ಕಡೆ ಕೆಂಪಗೆ ಬೇಯಿಸಿ, ಮೇಲೆ ಬೆಲ್ಲ ಕಾಯಿತುರಿ. ಎಲೆ ಯಾವುದು ಅಂತ ಗುರುತು ಇಲ್ಲದವರು ಬೇಲಿಯಿಂದ ಕಿತ್ತು ತರಬೇಡಿ, ಸಂತೆಯಲ್ಲಿ ಮಾರುವವರನ್ನು ಕೇಳಿ ತನ್ನಿ.

ಹಲಸಿನ ಕಾಲದಲ್ಲಿ ಹಣ್ಣಿನ ಕಡುಬು ಇದೆ, ಬಾಳೆಎಲೆಯಲ್ಲಿ ಕಟ್ಟಿ ಹಬೆಗೆ ಇಟ್ಟರೆ ಆಯ್ತು, ಮೇಲೆ ತುಪ್ಪ. ಹಣ್ಣೇ ಸಿಹಿ ಇರುತ್ತೆ, ಬೆಲ್ಲ ನೋಡಿಕೊಂಡು ಹಾಕಿ.

ಅಕ್ಕಿರೊಟ್ಟಿ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಅಕ್ಕಿರೊಟ್ಟಿ ಬಿಸಿಯಾಗಿ ಹೆಂಚಿನಿಂದ ತಟ್ಟೆಗೆ ಬೀಳಬೇಕು. ಇಬ್ಬರು ಮೂವರು ಬಂದರೆ ಧಾರಾಳವಾಗಿ ಮಾಡಿ, ಹತ್ತು ಜನ ಬಂದರೆ ಒಬ್ಬರು ಇಡೀ ಬೆಳಗ್ಗೆ ಅಡುಗೆಮನೆಯಲ್ಲೇ ಕಳೆಯಬೇಕು. ಆ ಒಬ್ಬರು ಯಾರು ಅಂತ ಎಲ್ಲರಿಗೂ ಗೊತ್ತು.

ಬಜ್ಜಿ ಎಣ್ಣೆ ಕುಡಿಯುತ್ತೆ.

ಸೋಡಾ ಜಾಸ್ತಿ ಆಗಿದೆ, ಇಲ್ಲ ಎಣ್ಣೆ ಸಾಕಷ್ಟು ಕಾದಿಲ್ಲ. ಒಂದು ಲೋಟ ಕಡ್ಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಓಂಕಾಳು, ಖಾರದ ಪುಡಿ, ಉಪ್ಪು, ಒಂದು ಚಮಚ ಕಾದ ಎಣ್ಣೆ. ಅಕ್ಕಿಹಿಟ್ಟೇ ಗರಿಗರಿ ಕೊಡುತ್ತೆ, ಸೋಡಾ ಬೇಕೇ ಬೇಕು ಅಂದರೆ ಚಿಟಿಕೆ. ಒಂದು ಹನಿ ಹಿಟ್ಟು ಬಿಟ್ಟರೆ ತಳಕ್ಕೆ ಹೋಗಿ ತಕ್ಷಣ ಮೇಲೆ ಬರಬೇಕು, ಆಗ ಎಣ್ಣೆ ಸರಿಯಾಗಿ ಕಾದಿದೆ ಅಂತ. ಬಾಣಲೆ ತುಂಬಾ ಒಟ್ಟಿಗೆ ಬಿಡಬೇಡಿ, ಎಣ್ಣೆ ತಣ್ಣಗಾಗುತ್ತೆ. ಹಾಸನದ ಕಡೆ ಆಲೂಗಡ್ಡೆ ಬೆಳೆ ಬಂದಾಗ ಹೊಸ ಗೆಡ್ಡೆ ಸಿಗುತ್ತಲ್ಲ, ಅದನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಬಜ್ಜಿ ಮಾಡಿ ನೋಡಿ.

ಆದರೆ ಬಜ್ಜಿಗೂ ರೊಟ್ಟಿಯ ತೊಂದರೆಯೇ. ಜಾಸ್ತಿ ಜನ ಇದ್ದರೆ ಅಂಬೊಡೆ ವಾಸಿ. ಕಡ್ಲೆಬೇಳೆ ಎರಡು ಗಂಟೆ ನೆನೆಸಿ, ನೀರು ಪೂರ್ತಿ ಸೋಸಿ, ಒಂದು ಹಿಡಿ ಬೇಳೆ ತೆಗೆದಿಟ್ಟು, ಉಳಿದದ್ದನ್ನು ನೀರು ಹಾಕದೆ ತರಿತರಿ ರುಬ್ಬಿ. ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಕಾಯಿಚೂರು, ಉಪ್ಪು, ಇಂಗು. ಬೆಳಗ್ಗೆಯೇ ಎಲ್ಲವನ್ನೂ ಮುಕ್ಕಾಲು ಹದಕ್ಕೆ ಕರಿದಿಡಿ. ನೆಂಟರು ಬಂದ ಮೇಲೆ ಚೆನ್ನಾಗಿ ಕಾದ ಎಣ್ಣೆಯಲ್ಲಿ ಒಂದು ನಿಮಿಷ ಬಿಟ್ಟು ತೆಗೆದರೆ ಹೊಸದಾಗಿ ಕರಿದಷ್ಟೇ ಗರಿಗರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ಕುಲಿ ಡಬ್ಬಿಯಲ್ಲೇ ಮೆತ್ತಗಾಗುತ್ತೆ. ಏನು ಮಾಡೋದು?

ಗಾಳಿಯಲ್ಲೇ ನೀರಿರುವಾಗ ಅದು ಚಕ್ಕುಲಿಯ ತಪ್ಪಲ್ಲ. ಕರಿದ ಮೇಲೆ ನೊರೆ ಪೂರ್ತಿ ನಿಂತಿದೆಯಾ ನೋಡಿ ತೆಗೆಯಿರಿ, ನೊರೆ ಇದ್ದರೆ ಒಳಗೆ ಇನ್ನೂ ನೀರಿದೆ ಅಂತ. ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬೆಚ್ಚಗೆ ಹಾಕಿದರೆ ಒಳಗೇ ಬೆವರುತ್ತೆ. ಎರಡು ಸಣ್ಣ ಡಬ್ಬಿ ಮಾಡಿ, ದಿನಾ ತೆಗೆಯೋದು ಒಂದು, ನೆಂಟರಿಗೆ ಒಂದು. ಮೆತ್ತಗಾಗಿದ್ದರೆ ಹೆಂಚಿನ ಮೇಲೆ ತೀರಾ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟು, ಆರಲು ಬಿಟ್ಟು ಕೊಡಿ.

ಅಳತೆ ಕೇಳುವವರಿಗೆ: ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನಹಿಟ್ಟು, ಲೋಟಕ್ಕೊಂದು ಚಮಚದಂತೆ ಬೆಣ್ಣೆ. ಬೆಣ್ಣೆ ಜಾಸ್ತಿಯಾದರೆ ಎಣ್ಣೆಯಲ್ಲೇ ಒಡೆದು ಚದುರಿಹೋಗುತ್ತೆ, ಕಡಿಮೆಯಾದರೆ ಅಜ್ಜಿಯರು ಬೈಯುತ್ತಾರೆ.

ಕೋಸಂಬರಿ ನೀರು ಬಿಡುತ್ತೆ.

ಉಪ್ಪು ಕೊನೆಗೆ, ಬಡಿಸುವಾಗ ಹಾಕಿ. ಸೌತೆಕಾಯಿಯ ತಿರುಳು ತೆಗೆದುಬಿಡಿ. ಹೆಸರುಬೇಳೆ ಮುಕ್ಕಾಲು ಗಂಟೆ ನೆಂದರೆ ಸಾಕು.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಜೈನರು ಬಂದರೆ?

ಶ್ರವಣಬೆಳಗೊಳ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ, ಜೈನ ಸ್ನೇಹಿತರು ಇಲ್ಲದ ಮನೆ ಕಡಿಮೆ. ಇಲ್ಲಿ ಎರಡು ವಿಷಯ ಬೇರೆ ಬೇರೆ. ಬರೀ ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರಿಗೆ ಇಂಗಿನ ಒಗ್ಗರಣೆ ಹಾಕಿ ಎಲ್ಲಾ ಮಾಡಬಹುದು. ಕಟ್ಟುನಿಟ್ಟಾಗಿ ನಡೆಯುವ ಜೈನರು ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಹಸಿ ಶುಂಠಿ, ಅಂದರೆ ನೆಲದೊಳಗೆ ಬೆಳೆಯುವ ಗೆಡ್ಡೆಗಳನ್ನೂ ಮುಟ್ಟಲ್ಲ, ಜೇನುತುಪ್ಪವನ್ನೂ ತಿನ್ನಲ್ಲ. ಹಲವರು ಕತ್ತಲಾಗುವ ಮುಂಚೆಯೇ ಊಟ ಮುಗಿಸುತ್ತಾರೆ. ಹಾಗಾಗಿ ಸಂಜೆ ಏಳಕ್ಕೆ ಕರೆಯಬೇಡಿ, ನಾಲ್ಕೂವರೆಗೆ ಕರೆಯಿರಿ. ಕೇಸರಿಬಾತ್, ಸೌತೆಕಾಯಿ ಕೋಸಂಬರಿ, ಪುಳಿಯೋಗರೆ ಇದ್ದರೆ ನಿಶ್ಚಿಂತೆ. ಒಬ್ಬೊಬ್ಬರ ಮನೆಯ ನಿಯಮ ಒಂದೊಂದು ಥರ, ಹಾಗಾಗಿ ಫೋನ್ ಮಾಡಿ ಕೇಳೋದರಲ್ಲಿ ನಾಚಿಕೆ ಏನಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ ಸಿಹಿ ಕೊಡಬಹುದಾ?

ಬೆಲ್ಲವೂ ಸಕ್ಕರೆಯೇ, ರಕ್ತದಲ್ಲಿ ಸಕ್ಕರೆ ಏರಿಸುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ಅವರಿಗೆ ಅಂತ ಕಡ್ಲೆಕಾಳು ಉಸ್ಲಿ, ಕೋಸಂಬರಿ, ಮಜ್ಜಿಗೆ ಇಡಿ. "ಒಂದು ದಿನ ತಿಂದರೆ ಏನೂ ಆಗಲ್ಲ" ಅಂತ ಒತ್ತಾಯ ಮಾಡುವ ಅಭ್ಯಾಸ ಮಾತ್ರ ಬಿಡಿ.

ಹಾಸನಾಂಬೆ ದರ್ಶನಕ್ಕೆ ಬರುವವರಿಗೆ ಏನು ಮಾಡಿಡಬೇಕು? ಎಷ್ಟೊತ್ತಿಗೆ ಬರ್ತಾರೋ ಗೊತ್ತಿರಲ್ಲ.

ಹಾಸನದವರ ಪ್ರಶ್ನೆ ಇದು, ಪ್ರತಿ ವರ್ಷ ಬರುತ್ತೆ. ದೇವಸ್ಥಾನ ತೆಗೆಯೋದು ವರ್ಷಕ್ಕೊಂದೇ ಸಲ, ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ಮುಚ್ಚೋದು ದೀಪಾವಳಿ ಆದ ಮೇಲೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಬರುವವರು ಮಧ್ಯಾಹ್ನ ಮೂರಕ್ಕೂ ಬರಬಹುದು, ರಾತ್ರಿ ಹತ್ತಕ್ಕೂ ಬರಬಹುದು. ಬಂದ ತಕ್ಷಣ ಅವರಿಗೆ ಬೇಕಾಗಿರೋದು ಊಟ, ಅದೂ ಬೇಗ.

ಪುಳಿಯೋಗರೆ ಗೊಜ್ಜು ಮೊದಲೇ ಮಾಡಿಟ್ಟುಕೊಳ್ಳಿ. ಹುಣಸೆ ರಸ, ಬೆಲ್ಲ, ಪುಡಿ, ಉಪ್ಪು ಸೇರಿ ಎಣ್ಣೆ ಮೇಲೆ ತೇಲುವವರೆಗೆ ಕುದಿಸಿದರೆ ವಾರಗಟ್ಟಲೆ ಕೆಡಲ್ಲ, ಒದ್ದೆ ಚಮಚ ಹಾಕದಿದ್ದರೆ. ಅನ್ನ ಕುಕ್ಕರಿನಲ್ಲಿ ಹತ್ತು ನಿಮಿಷ, ಕಲೆಸಿದರೆ ಆಯ್ತು. ಕಡ್ಲೆಕಾಯಿ ಬೀಜ, ಒಣ ಕೊಬ್ಬರಿ, ಹುರಿದ ಎಳ್ಳಿನ ಪುಡಿ ಬಡಿಸುವ ಮುಂಚೆ. ಸಿಹಿಗೆ ಡಬ್ಬಿಯಲ್ಲಿ ರವೆ ಉಂಡೆ. ಅನ್ನಕ್ಕೆ ಮೊಸರು, ನೆಂಚಿಕೊಳ್ಳಲು ಸಂಡಿಗೆ. ಆ ದಿನಗಳಲ್ಲಿ ಹೋಳಿಗೆ ಮಾಡಲು ಕೂರಬೇಡಿ, ಬಾಗಿಲು ಬಡಿಯುವವರನ್ನು ನೋಡಿಕೊಳ್ಳೋದೇ ಸಾಕಾಗಿರುತ್ತೆ.

ಮಾಂಸದ ಊಟಕ್ಕೆ ಕರೆದಿದ್ದರೆ ಸಿಹಿ ಏನು?

ಹಗುರದ್ದು. ತರಿ ಕಡುಬು, ಕೋಳಿಸಾರು ಹೊಟ್ಟೆ ತುಂಬಾ ಆದ ಮೇಲೆ ತುಪ್ಪದ ಸಿಹಿ ಯಾರಿಗೂ ಇಳಿಯಲ್ಲ. ತೆಳ್ಳಗಿನ ಗಸಗಸೆ ಪಾಯಸ ಒಂದೊಂದು ಲೋಟ ಕೊಡಿ. ಕೆಲಸ ಇದ್ದವರಿಗೆ ನಿದ್ದೆ ಬಂದರೆ ನನ್ನ ಕೇಳಬೇಡಿ.

ಕಾಫಿ ಹತ್ತು ಜನಕ್ಕೆ ಒಟ್ಟಿಗೆ ಹೇಗೆ?

ಬಾಬಾಬುಡನ್‌ಗಿರಿ ಕಣ್ಣೆದುರು ಇಟ್ಟುಕೊಂಡು ಇನ್‌ಸ್ಟಂಟ್ ಕಾಫಿ ಕೊಟ್ಟರೆ ನೆಂಟರು ಊರಿಗೆ ಹೋಗಿ ಹೇಳದೇ ಇರ್ತಾರಾ? ದೊಡ್ಡ ಫಿಲ್ಟರ್ ಇಲ್ಲದಿದ್ದರೆ ಪಕ್ಕದ ಮನೆಯಿಂದ ಇನ್ನೊಂದು ಫಿಲ್ಟರ್ ತನ್ನಿ. ನಾಲ್ಕು ಜನಕ್ಕೆ ಮೂರು ದೊಡ್ಡ ಚಮಚ ಪುಡಿ ಲೆಕ್ಕ. ಪುಡಿಯನ್ನು ತೀರಾ ಒತ್ತಬೇಡಿ, ನೀರು ಇಳಿಯಲ್ಲ. ಸಡಿಲ ಬಿಟ್ಟರೆ ಬೇಗ ಇಳಿದು ತೆಳ್ಳಗಾಗುತ್ತೆ. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಸುತ್ತಲೂ ಸುರಿಯಿರಿ. ಹದಿನೈದು ನಿಮಿಷದಲ್ಲಿ ಇಳಿಯುತ್ತೆ.

ಇಳಿದ ಡಿಕಾಕ್ಷನ್ ಮತ್ತೆ ಕುದಿಸಬೇಡಿ, ಕಹಿಯಾಗುತ್ತೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟರೆ ಗಂಟೆ ಹೊತ್ತು ಬೆಚ್ಚಗಿರುತ್ತೆ. ಹಾಲು ಮಾತ್ರ ಆಗಷ್ಟೇ ಉಕ್ಕಿದ್ದಾಗಿರಬೇಕು. ಅರೇಬಿಕಾದಲ್ಲಿ ಪರಿಮಳ ಜಾಸ್ತಿ, ರೋಬಸ್ಟಾದಲ್ಲಿ ಗಟ್ಟಿತನ ಜಾಸ್ತಿ, ಎರಡನ್ನೂ ಬೆರೆಸಿ ಪುಡಿ ಮಾಡಿಸಿದರೆ ಹೆಚ್ಚಿನವರಿಗೆ ಹಿಡಿಸುತ್ತೆ. ಚಿಕೋರಿ ಐದರಲ್ಲಿ ಒಂದು ಪಾಲಿಗಿಂತ ಮೇಲೆ ಹೋದರೆ ನಾವು ಕುಡಿಯೋದು ಚಿಕೋರಿ. ಹಾಲು ಬೇಡ ಅನ್ನುವವರಿಗೆ ಬೆಲ್ಲದ ಕಪ್ಪು ಕಾಫಿ ಕೊಡಿ, ಮಲೆನಾಡಿನ ಹಳೆ ಮನೆಗಳಲ್ಲಿ ಅದೇ ರೂಢಿ.

ಹತ್ತು ಜನಕ್ಕೆ ಅಂದರೆ ಎಷ್ಟು ಸಾಮಾನು?

ಖಾರಾಬಾತಿಗೆ ಅರ್ಧ ಕೆಜಿ ರವೆ, ಕೇಸರಿಬಾತಿಗೆ ಕಾಲು ಕೆಜಿ. ಪಾಯಸ ಒಂದೂವರೆ ಲೀಟರ್. ಕೋಸಂಬರಿಗೆ ಕಾಲು ಕೆಜಿ ಹೆಸರುಬೇಳೆ. ಕಾಫಿಗೆ ಒಂದು ಲೀಟರ್ ಹಾಲು, ಇನ್ನರ್ಧ ಲೀಟರ್ ಫ್ರಿಜ್‌ನಲ್ಲಿರಲಿ, ಎರಡನೇ ಸಲ ಕೇಳೇ ಕೇಳ್ತಾರೆ. ಮಕ್ಕಳು ಜಾಸ್ತಿ ಇದ್ದರೆ ಖಾರ ಕಡಿಮೆ ಮಾಡಿ, ದೊಡ್ಡವರಿಗೆ ಬೇಕಾದರೆ ಪಕ್ಕದಲ್ಲಿ ಚಟ್ನಿ ಇರಲಿ.

ಹೊರಡುವಾಗ ದಾರಿಗೆ ಏನು ಕಟ್ಟಿಕೊಡೋದು?

ಕಾಯಿ ಚಟ್ನಿ ಬೇಡ, ಮಧ್ಯಾಹ್ನದೊಳಗೆ ಹಳಸುತ್ತೆ. ಅದರ ಬದಲು ಚಟ್ನಿಪುಡಿ. ಬೆಳಗ್ಗೆ ಹೊರಡುವವರಿಗೆ ಪುಳಿಯೋಗರೆಯನ್ನು ಪೂರ್ತಿ ಆರಿಸಿ ಬಾಳೆಎಲೆಯಲ್ಲಿ ಕಟ್ಟಿ, ಮೇಲೆ ಕಾಗದ ಸುತ್ತಿ ಕೊಡಿ. ಕೋಡುಬಳೆ, ಚಕ್ಕುಲಿ, ಉಂಡೆ ಒಂದೊಂದು ಡಬ್ಬಿ. ಡಬ್ಬಿ ವಾಪಸ್ ಬರಲ್ಲ, ಹಳೇದನ್ನೇ ಕೊಡಿ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗೆ, ಮಕ್ಕಳಿದ್ದರಂತೂ, ಹೊರಡುವ ಮುಂಚೆ ಕರಿದ ತಿಂಡಿ ತುಂಬಾ ತಿನ್ನಿಸಬೇಡಿ. ಆ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತೆ. ಇಡ್ಲಿ ಕೊಟ್ಟು ಕಳಿಸಿ, ಕೈಗೊಂದು ನಿಂಬೆಹಣ್ಣು, ನಾಲ್ಕು ಖಾಲಿ ಕವರ್ ಕೊಡಿ. ಅಂಬೊಡೆ ಡಬ್ಬಿಯನ್ನು ಡಿಕ್ಕಿಯಲ್ಲಿಡಿ, ಉಜಿರೆ ತಲುಪಿದ ಮೇಲೆ ತೆಗೆಯಲಿ.